ನಗುವ ಕೆಲಸ ಯಾರದು?

'ಪಾಸಿಟಿವ್ ಆಗಿರು' ಎಂಬ ಸಲಹೆ ಸಂಶೋಧನಾ ವಿದ್ಯಾರ್ಥಿಗಳಿಗೆ ಧಾರಾಳವಾಗಿ ಸಿಗುತ್ತದೆ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಾರದಿದ್ದರೂ, ಬರೆದ ಅಧ್ಯಾಯ ಮೂರನೆಯ ಸಲ ವಾಪಸ್ಸು ಬಂದರೂ ಅದೇ ಮಾತು. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಅದು ಒಮ್ಮೊಮ್ಮೆ ಅಪ್ಪಣೆಯಂತೆ ಕೇಳಿಸುವುದೇಕೆ?

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ 1983ರಲ್ಲಿ ಪ್ರಕಟಿಸಿದ 'ದಿ ಮ್ಯಾನೇಜ್ಡ್ ಹಾರ್ಟ್' ಕೃತಿಯಲ್ಲಿ ಗಗನಸಖಿಯರ ನಗುವನ್ನು ಅಧ್ಯಯನ ಮಾಡಿದರು. ಅಲ್ಲಿ ನಗುವುದೂ ಸಂಬಳದ ಕೆಲಸ. ಎಷ್ಟೇ ದಣಿದಿದ್ದರೂ ನಗಲೇಬೇಕಾದವರಿಗೆ ಕ್ರಮೇಣ ತಮ್ಮ ಭಾವನೆಯೇ ತಮಗೆ ಪರಕೀಯವಾಗಬಹುದು ಎಂದು ಅವರು ತೋರಿಸಿದರು. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದ ಲೇಖಕಿ ಬಾರ್ಬರಾ ಎರೆನ್‌ರೈಕ್ 2009ರ 'ಬ್ರೈಟ್-ಸೈಡೆಡ್' ಕೃತಿಯಲ್ಲಿ ಇನ್ನೊಂದು ಅಪಾಯವನ್ನು ಹೇಳಿದರು. ರೋಗಿ ಸದಾ ಉತ್ಸಾಹದಿಂದಿರಬೇಕು ಎಂದರೆ, ಗುಣವಾಗದಿದ್ದಾಗ ತಪ್ಪೂ ಅವಳ ತಲೆಯ ಮೇಲೆಯೇ ಬೀಳುತ್ತದೆ.

ಹಾಗೆಂದು ಉಲ್ಲಾಸವನ್ನೇ ಅನುಮಾನಿಸಬೇಕೆ? ಬೇಡವೆಂದು ನನಗನಿಸುವುದು 'ಕೊರವಂಜಿ'ಯನ್ನು ನೆನೆದಾಗ. ವೃತ್ತಿಯಿಂದ ವೈದ್ಯರಾಗಿದ್ದ ರಾಶಿ (ಡಾ. ಎಂ. ಶಿವರಾಂ) ಈ ಹಾಸ್ಯಪತ್ರಿಕೆಯನ್ನು ಶುರುಮಾಡಿದ್ದು 1942ರಲ್ಲಿ. ಹೊರಗೆ ಮಹಾಯುದ್ಧ, ದೇಶದಲ್ಲಿ ಕ್ವಿಟ್ ಇಂಡಿಯಾ ಚಳವಳಿ. ಆರ್. ಕೆ. ಲಕ್ಷ್ಮಣ್ ಅವರ ಆರಂಭದ ದಿನಗಳ ಚಿತ್ರಗಳು ಅದರಲ್ಲಿ ಬಂದವು. ಮುಂದೆ ಮನೋವಿಜ್ಞಾನದ ಕೃತಿ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರೂ ಇದೇ ರಾಶಿ. ಮನಸ್ಸಿನ ನೋವನ್ನು ಬಲ್ಲ ಆ ವೈದ್ಯರು ಓದುಗರಿಗೆ 'ನಗಿರಿ' ಎಂದು ಉಪದೇಶಿಸುತ್ತ ಕೂರಲಿಲ್ಲ. ನಗಿಸುವ ಶ್ರಮವನ್ನು ತಾವೇ ಹೊತ್ತುಕೊಂಡರು.

ವ್ಯತ್ಯಾಸ ಇರುವುದು ಇಲ್ಲೇ. 'ಪಾಸಿಟಿವ್ ಆಗಿರು' ಎಂದಾಗ ಕೆಲಸವೆಲ್ಲ ಕೇಳುವವರ ಪಾಲಿಗೆ ಬರುತ್ತದೆ; ನಗಿಸಿದಾಗ ಹೇಳುವವರ ಪಾಲಿಗೆ. ನಮ್ಮ ಹಾಸ್ಟೆಲಿನಲ್ಲಿ ಹಿರಿಯ ಗೆಳತಿಯೊಬ್ಬಳಿದ್ದಾಳೆ. ಅವಳ ಫೆಲೋಶಿಪ್ಪೂ ಬಂದಿಲ್ಲ. ಯಾರಾದರೂ ಮುಖ ಸಪ್ಪೆ ಮಾಡಿಕೊಂಡು ಬಂದರೆ, "ಬಾರೇ, ಚಹಾ ಕುಡಿಯೋಣ, ಬಾಕಿ ಪುಸ್ತಕದಲ್ಲಿ ನನ್ನ ಹೆಸರಿಗೇ ಬರೆಸು" ಎನ್ನುತ್ತಾಳೆ. ಆಮೇಲೆ ತನ್ನ ಅಧ್ಯಾಯದ ತುಂಬ ಹರಿದ ಕೆಂಪು ಶಾಯಿಯ ಕಥೆ ಹೇಳುತ್ತಾಳೆ. ಅಳು ಬಂದರೆ ಅಳುವುದಕ್ಕೂ ಅವಳ ಪಕ್ಕದಲ್ಲಿ ಜಾಗವಿದೆ.

ಒಳಗೆ ಸಂಕಟವಿಟ್ಟುಕೊಂಡು ನಗಿಸುವುದು ನಟನೆಯಲ್ಲವೇ ಎಂದು ಕೇಳಬಹುದು. ಬೇಸರ ಬರುವುದು ನಮ್ಮ ಕೈಯಲ್ಲಿಲ್ಲ, ಆದರೆ ಅದನ್ನು ಹೊತ್ತುಕೊಂಡೇ ಪಕ್ಕದವರತ್ತ ನೋಡುವುದು ನಮ್ಮ ಕೈಯಲ್ಲಿದೆ. ಗೆಳತಿ ತನ್ನ ಕಷ್ಟವನ್ನು ಮುಚ್ಚಿಡುತ್ತಿಲ್ಲ, ಅದನ್ನೇ ಕಥೆ ಮಾಡುತ್ತಿದ್ದಾಳೆ. 1677ರಲ್ಲಿ ಪ್ರಕಟವಾದ 'ಎಥಿಕ್ಸ್'ನಲ್ಲಿ ಸ್ಪಿನೋಜಾ, ದೇಹದ ಒಂದು ಭಾಗಕ್ಕಷ್ಟೇ ಸಿಗುವ ಸುಖ ಅತಿಯಾಗಬಹುದು, ಎಲ್ಲ ಭಾಗಗಳನ್ನೂ ಸಮವಾಗಿ ಆವರಿಸುವ ಉಲ್ಲಾಸ ಎಂದೂ ಅತಿಯಾಗದು ಎಂದ. ದುಃಖವನ್ನು ಹೊರಗಟ್ಟಿ ಮುಖಕ್ಕಷ್ಟೇ ಅಂಟಿಸಿಕೊಂಡ ನಗು ಆ ಜಾತಿಗೆ ಸೇರಲಾರದು.

ಆದ್ದರಿಂದ ಉಲ್ಲಾಸವನ್ನು ನನ್ನ ಮಟ್ಟಿಗೆ ಕರ್ತವ್ಯವೆಂದು ಒಪ್ಪಿಕೊಳ್ಳುತ್ತೇನೆ. ಇನ್ನೊಬ್ಬರಿಂದ ಅದನ್ನು ಕೇಳಿ ಪಡೆಯುವ ಹಕ್ಕು ಮಾತ್ರ ನನಗಿಲ್ಲ.