ತೊಂದರೆ ಕೊಡಬಾರದು ಎಂಬುದು ಎಲ್ಲಿಯವರೆಗೆ ಗುಣ?

"ಪುಣ್ಯಾತ್ಮ, ಯಾರಿಗೂ ತೊಂದರೆ ಕೊಡದೆ ಹೋದರು." ತೀರಿಕೊಂಡವರ ಬಗ್ಗೆ ನಮ್ಮ ಜನ ಆಡುವ ದೊಡ್ಡ ಹೊಗಳಿಕೆ ಇದು. ಇನ್ನೊಬ್ಬರಿಗೆ ಭಾರವಾಗಬಾರದೆಂಬ ಪಾಠ ಕೇಳಿಯೇ ನಾವೂ ಬೆಳೆದದ್ದು. ಆದರೆ ವೈದ್ಯವೃತ್ತಿಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ಈ ಗುಣದ ಬಗ್ಗೆಯೇ ನಮಗೊಂದು ಸಂದೇಹ ಹುಟ್ಟಿದೆ. ಅದನ್ನು ಸದಸ್ಯ ಬಂಧುಗಳ ಮುಂದಿಡುವ ಪ್ರಯತ್ನವಿದು.

ಫೆಲ್ಥಮ್‌ನಲ್ಲಿರುವ ನಮ್ಮ ಪರಿಚಿತರೊಬ್ಬರ ಸಂಗತಿ ಹೇಳುತ್ತೇವೆ. ಹೆಸರು ಬೇಡ. ವಯಸ್ಸು 52. ಒಂದು ರಾತ್ರಿ ಎರಡು ಗಂಟೆಗೆ ಎದೆಯ ಮೇಲೆ ಚಪ್ಪಡಿ ಕಲ್ಲು ಹೇರಿದಂತಾಗಿ ಎಚ್ಚರವಾಯಿತು. ಮೈಯೆಲ್ಲ ಬೆವರು. ಗ್ಯಾಸ್ ಇರಬೇಕೆಂದು ಇಂಗು ಹಾಕಿದ ಮಜ್ಜಿಗೆ ಕುಡಿದರು. ಮನೆಯವರು ಆಂಬುಲೆನ್ಸ್ ಕರೆಯೋಣವೆಂದರೆ ಬೇಡವೆಂದರು. ಮಗಳಿಗೆ ಎ-ಲೆವೆಲ್ ಪರೀಕ್ಷೆ, ನಿದ್ದೆ ಕೆಡಬಾರದು. ನೀಲಿ ದೀಪದ ಗಾಡಿ ಬಾಗಿಲಿಗೆ ಬಂದರೆ ಅಕ್ಕಪಕ್ಕದವರು ಏನೆಂದುಕೊಂಡಾರು? ಅದೂ ಅಲ್ಲದೆ, ನಮಗಿಂತ ಕಷ್ಟದಲ್ಲಿರುವವರಿಗೆ ಆ ಗಾಡಿ ಬೇಕಾಗಿರಬಹುದು. ಹೀಗೆ ಕುರ್ಚಿಯಲ್ಲಿ ಕುಳಿತು ಬೆಳಗು ಮಾಡಿದರು. ಆರು ಗಂಟೆಗೆ ನಮಗೆ ಫೋನ್ ಬಂತು. ಮೊದಲ ಮಾತು, "ಡಾಕ್ಟ್ರೇ, ನಿದ್ದೆ ಕೆಡಿಸಿದೆನೋ ಏನೋ!" ಮುಂದಿನ ಮಾತು ಕೇಳಿದೊಡನೆ, ಫೋನ್ ಇಟ್ಟು 999 ಕರೆಯಿರಿ ಎಂದೆವು.

ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿನ ದೊಡ್ಡದೊಂದು ಭಾಗ ಉಳಿಯಲಿಲ್ಲ. ಈಗ ಮನೆಯ ಮಹಡಿ ಹತ್ತುವಾಗ ನಡುವೆ ನಿಂತು ಉಸಿರೆಳೆದುಕೊಳ್ಳುತ್ತಾರೆ. ಅವರ ಮಗಳು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಅಂಕಲ್, ಅಪ್ಪ ನನ್ನನ್ನು ಯಾಕೆ ಎಬ್ಬಿಸಲಿಲ್ಲ?" ಉತ್ತರ ನಮ್ಮಲ್ಲಿ ಇರಲಿಲ್ಲ.

ಆ ನಾಲ್ಕು ಗಂಟೆಗಳಲ್ಲಿ ನಡೆದದ್ದೇನು? ಹೃದಯಕ್ಕೆ ರಕ್ತ ಒದಗಿಸುವ ಧಮನಿಯ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೂತ ಜಿಡ್ಡು ಒಂದು ದಿನ ಬಿರಿಯುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆ ಧಮನಿಯನ್ನೇ ನಂಬಿದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ. ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆಯೇ ಹೊರತು ಹಿಂದಿನ ಶಕ್ತಿ ಬರುವುದಿಲ್ಲ. ಲಂಡನ್ನಿನಲ್ಲಿ 999ಕ್ಕೆ ಕರೆದರೆ ಆಂಬುಲೆನ್ಸಿನವರು ಅಲ್ಲೇ ಇಸಿಜಿ ತೆಗೆಯುತ್ತಾರೆ. ದೊಡ್ಡ ಹೃದಯಾಘಾತದ ಗುರುತು ಕಂಡರೆ ಹತ್ತಿರದ ಕ್ಯಾಶುವಾಲ್ಟಿಯನ್ನು ಬಿಟ್ಟು, ನೇರವಾಗಿ ಹೇರ್‌ಫೀಲ್ಡ್ ಅಥವಾ ಹ್ಯಾಮರ್‌ಸ್ಮಿತ್‌ನಂಥ ಹೃದಯಾಘಾತ ಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿ ಮುಚ್ಚಿದ ಧಮನಿಯನ್ನು ಬಲೂನಿನಿಂದ ತೆರೆದು ಸ್ಟೆಂಟ್ ಇಡುತ್ತಾರೆ. ನಾವೇ ಕಾರು ಓಡಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದರೆ ದಾರಿಯಲ್ಲೇ ಅನಾಹುತವಾಗಬಹುದು, ಇಲ್ಲವೇ ಅಲ್ಲಿಂದ ಮತ್ತೊಂದು ಕಡೆಗೆ ಸಾಗಿಸುವಷ್ಟರಲ್ಲಿ ಹೊತ್ತು ಮೀರಬಹುದು.

ನಮ್ಮ ಪರಿಚಿತರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಎಲ್ಲರೂ ಎಲ್ಲಕ್ಕೂ 999 ಕರೆದರೆ ನಿಜವಾಗಿ ಬೇಕಾದವರಿಗೆ ಗಾಡಿ ಸಿಗದು, ಸರಿಯೆ. ಆದರೆ ಯಾರ ಕಷ್ಟ ದೊಡ್ಡದೆಂದು ತೂಗುವ ಕೆಲಸ ನೋವಿನಲ್ಲಿರುವವನದಲ್ಲ. ಫೋನಿನ ಆ ತುದಿಯಲ್ಲಿ ಅದಕ್ಕಾಗಿಯೇ ತರಬೇತಾದವರು ಇದ್ದಾರೆ. ತುರ್ತಲ್ಲದ ಸಂದೇಹಗಳಿಗೆ 111 ಇದೆ. 1948ರ ಜುಲೈ 5ರಂದು ಆರಂಭವಾದ ಎನ್‌ಎಚ್‌ಎಸ್ ಯಾರೋ ಕೊಡುವ ಭಿಕ್ಷೆಯಲ್ಲ. ನಾವೆಲ್ಲ ತೆರಿಗೆ ಕಟ್ಟಿ ಒಬ್ಬರಿಗೊಬ್ಬರು ಕೊಟ್ಟುಕೊಂಡ ಮಾತು. ಅದನ್ನು ಬೇಕಾದಾಗ ಬಳಸುವುದರಲ್ಲಿ ಸಂಕೋಚವೇಕೆ?

ನಮಗೆ ಮುಖ್ಯವೆನಿಸುವುದು ಇನ್ನೊಂದು ವಿಷಯ. ನಾವು ಕೊಡದೆ ಉಳಿಸಿದ ತೊಂದರೆ ಎಲ್ಲೂ ಮಾಯವಾಗುವುದಿಲ್ಲ. ಅದು ಬಡ್ಡಿ ಸಮೇತ ನಮ್ಮವರ ತಲೆಯ ಮೇಲೆ ಬೀಳುತ್ತದೆ. ಆ ಹುಡುಗಿಗೆ ಒಂದು ರಾತ್ರಿಯ ನಿದ್ದೆ ಉಳಿಯಿತು. ಪ್ರತಿಯಾಗಿ, ಅಪ್ಪ ಮೆಟ್ಟಿಲಲ್ಲಿ ನಿಲ್ಲುವುದನ್ನು ದಿನವೂ ನೋಡುವ ಪಾಲು ಬಂತು.

ನಿಜವಾಗಿ ಯಾರಿಗೂ ತೊಂದರೆ ಕೊಡಬಾರದೆನ್ನುವವರು ಆ ಕೆಲಸವನ್ನು ಇಪ್ಪತ್ತು ವರ್ಷ ಮೊದಲೇ ಶುರುಮಾಡಬೇಕು. ಫೆಲ್ಥಮ್‌ನಿಂದ ಕೆಲವೇ ಮೈಲಿ ದೂರದ ಸೌತಾಲ್‌ನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಮ್ಮಂಥ ದಕ್ಷಿಣ ಏಷ್ಯಾದವರಲ್ಲಿ ಹೊಟ್ಟೆಯ ಬೊಜ್ಜೂ ಸಕ್ಕರೆ ಕಾಯಿಲೆಯೂ ಹೆಚ್ಚೆಂದು ತೋರಿಸಿತು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ಮೊದಲ ಹೃದಯಾಘಾತ ನಮ್ಮವರಿಗೆ ಸರಾಸರಿ 53ರಲ್ಲಿ, ಉಳಿದವರಿಗೆ ಸುಮಾರು 59ರಲ್ಲಿ ಬರುತ್ತದೆ. ಧೂಮಪಾನ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಬೊಜ್ಜು ಮುಂತಾಗಿ ಬಹುಪಾಲು ಕಾರಣಗಳು ನಾವು ಅಳೆದು ತಿದ್ದಿಕೊಳ್ಳಬಹುದಾದವು.

ಇಂಗ್ಲೆಂಡಿನಲ್ಲಿ 40ರಿಂದ 74 ವರ್ಷದವರಿಗೆ, ಈಗಾಗಲೇ ಇಂಥ ಕಾಯಿಲೆ ಇಲ್ಲದಿದ್ದರೆ, ಐದು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಇದೆ. ಆ ಕಾಗದ ಬಂದರೆ ಫ್ರಿಜ್ಜಿನ ಮೇಲೆ ಅಂಟಿಸಿ ಮರೆಯಬೇಡಿ. ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಉಪ್ಪು ದಿನಕ್ಕೆ 6 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಇದೇ ಲೆಕ್ಕಕ್ಕೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ವೈದ್ಯರು ಕೊಟ್ಟ ಮಾತ್ರೆಯನ್ನು, ಈಗ ಚೆನ್ನಾಗಿದ್ದೇನೆಂದು ತಾವಾಗಿ ನಿಲ್ಲಿಸಬೇಡಿ. ಇಷ್ಟೆಲ್ಲ ಉಪದೇಶ ಮಾಡುವ ನಾವೇ, ಸಮಯವಿಲ್ಲವೆಂಬ ನೆಪದಲ್ಲಿ ವರ್ಷಗಳ ಕಾಲ ನಮ್ಮ ರಕ್ತದೊತ್ತಡ ನೋಡಿಸಿಕೊಂಡಿರಲಿಲ್ಲ. ಕೊನೆಗೆ ನರ್ಸ್ ಒಬ್ಬರು ಗದರಿಸಿ ಕೂರಿಸಿ ಅಳೆದಾಗ ಅದು ಏರಿಯೇ ಇತ್ತು. ಆದ್ದರಿಂದ ಯಾರನ್ನೂ ಆಕ್ಷೇಪಿಸುವ ಯೋಗ್ಯತೆ ನಮಗಿಲ್ಲ.

ಆಕ್ಷೇಪದ ಮಾತು ಬಂದದ್ದರಿಂದ ಇನ್ನೊಂದು ವಿಚಾರ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ವ್ಯಾಯಾಮ ಮಾಡಿಯೂ ಏನು ಬಂತು, ಎಲ್ಲ ಹಣೆಬರಹ ಎಂದವರು ಕೆಲವರು. ವ್ಯಾಯಾಮವೇ ಅತಿಯಾಯಿತೆಂದು ತಪ್ಪು ಹುಡುಕಿದವರು ಕೆಲವರು. ಎರಡೂ ಸರಿಯಲ್ಲ. ಎಚ್ಚರಿಕೆಯಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಕಾಯಿಲೆ ಬರುವ ಮೊದಲು ಎಚ್ಚರವಾಗಿರುವುದು ನಮ್ಮ ಕರ್ತವ್ಯ. ಬಂದ ಮೇಲೆ ರೋಗಿಯ ಹಾಸಿಗೆಯ ಪಕ್ಕ ನಿಂತು ಲೆಕ್ಕ ಕೇಳುವುದು ಯಾರ ಕರ್ತವ್ಯವೂ ಅಲ್ಲ. ಬೈಗುಳದ ಭಯವೂ ಜನ ಎದೆನೋವನ್ನು ಮುಚ್ಚಿಡಲು ಒಂದು ಕಾರಣ.

ಊರಿನಲ್ಲಿರುವ ನಮ್ಮ ಹಿರಿಯರೂ ಹೀಗೆಯೇ. "ನೀನು ಅಷ್ಟು ದೂರ ಇದ್ದೀಯ, ಸುಮ್ಮನೆ ಯಾಕೆ ಗಾಬರಿ" ಎಂದು ಫೋನಿನಲ್ಲಿ ಎಲ್ಲ ಮುಚ್ಚಿಡುತ್ತಾರೆ. ಈಗ ಕರ್ನಾಟಕದಲ್ಲಿ ಪುನೀತ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಕರೆಯಬೇಕಾದದ್ದು 108. ಆದರೆ ಹೊತ್ತಿಗೆ ಸರಿಯಾಗಿ ಹೇಳಿಕೊಳ್ಳದವರಿಗೆ ಬೆಂಗಳೂರಿನ ಜಯದೇವವೂ ಒಂದೇ, ಇಲ್ಲಿನ ಹೇರ್‌ಫೀಲ್ಡೂ ಒಂದೇ.

ಈ ಭಾನುವಾರ ಊಟಕ್ಕೆ ಕೂತಾಗ ಮನೆಯವರೆಲ್ಲ ಒಂದು ಒಪ್ಪಂದ ಮಾಡಿಕೊಳ್ಳಿ. ಎದೆಯಲ್ಲಿ ಒತ್ತಡ, ತೋಳಿಗೋ ದವಡೆಗೋ ಹರಿಯುವ ನೋವು, ಕಾರಣವಿಲ್ಲದ ಬೆವರು, ಉಸಿರುಗಟ್ಟುವಿಕೆ, ವಾಕರಿಕೆ ಕಂಡರೆ, ಎಷ್ಟೇ ಹೊತ್ತಾಗಿರಲಿ, ಯಾರ ಪರೀಕ್ಷೆಯೇ ಇರಲಿ, ಎಬ್ಬಿಸಬೇಕು. ಹೆಂಗಸರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಎದೆನೋವು ಅಷ್ಟಾಗಿ ಇಲ್ಲದೆಯೂ ಹೃದಯಾಘಾತವಾಗಬಹುದು. ಮೊದಲು 999, ಆಮೇಲೆ ಉಳಿದದ್ದು. ಅವರು ಫೋನಿನಲ್ಲಿ ಹೇಳಿದರೆ, ಅಲರ್ಜಿ ಇಲ್ಲದವರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು.

ಆ ಹುಡುಗಿಗೆ ನಾವು ಕೊಡಬೇಕಾಗಿದ್ದ ಉತ್ತರ ಬಹುಶಃ ಇದು: ನಿನ್ನಪ್ಪ ನಿನ್ನ ಮೇಲಿನ ಪ್ರೀತಿಯಿಂದಲೇ ಎಬ್ಬಿಸಲಿಲ್ಲಮ್ಮ. ಎಬ್ಬಿಸುವುದೂ ಪ್ರೀತಿಯೇ ಎಂದು ನಮ್ಮ ತಲೆಮಾರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.