ವ್ಯಸನಮುಕ್ತಿಯೂ ಪರರ ಭಾರವೂ

ವಿಷಯಚಿಂತನೆಯಿಂದ ಮೊದಲಾಗಿ ಬುದ್ಧಿನಾಶದ ಮೂಲಕ ಸರ್ವನಾಶದಲ್ಲಿ ಮುಗಿಯುವ ಪತನದ ಸೋಪಾನಗಳನ್ನು ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಓದಿದವರು, ವ್ಯಸನವೆಂಬುದು ಒಬ್ಬೊಬ್ಬನ ಅಂತಃಕರಣದೊಳಗೆ ಏಕಾಂತದಲ್ಲಿ ನಡೆಯುವ ಯುದ್ಧವೆಂದೂ, ಅದನ್ನು ಗೆಲ್ಲುವ ಆಯುಧ ಅವನವನ ವೈರಾಗ್ಯವೊಂದೇ ಎಂದೂ ಸಹಜವಾಗಿ ಭಾವಿಸುತ್ತಾರೆ. ಸಂಬಳದ ದಿನ ಸಂಜೆ ಬೆಂಗಳೂರಿನ ಕಾರ್ಖಾನೆಗಳ ಪ್ರದೇಶವಾದ ಪೀಣ್ಯದ ಬೀದಿಗಳಲ್ಲಿ ಒಮ್ಮೆ ನಡೆದು ಬಂದವರಿಗೆ ಈ ಭಾವನೆಯನ್ನು ಉಳಿಸಿಕೊಳ್ಳುವುದು ಕಷ್ಟ.

ಹಾಸನದಿಂದಲೋ ರಾಯಚೂರಿನಿಂದಲೋ ಬಂದು, ಶೀಟು ಹೊದಿಸಿದ ಒಂದೇ ಕೋಣೆಯನ್ನು ನಾಲ್ವರೊಡನೆ ಹಂಚಿಕೊಂಡು, ಹಗಲೆಲ್ಲ ಲೇತ್ ಯಂತ್ರದ ಮುಂದೆ ನಿಂತು ಬಸವಳಿದ ತರುಣನಿಗೆ, “ಒಂದ್ ತೊಂಬತ್ತು ಹಾಕು ಮಗಾ, ಮೈಕೈ ನೋವೆಲ್ಲ ಹೋಗುತ್ತೆ” ಎನ್ನುವವನು ಶತ್ರುವಲ್ಲ, ಗೆಳೆಯ. ವೈಟ್‌ಫೀಲ್ಡಿನ ಪಿ.ಜಿ.ಗಳಲ್ಲಿ ಶನಿವಾರದ ರಾತ್ರಿ ಗಾಂಜಾ ಕೈಯಿಂದ ಕೈಗೆ ದಾಟುವುದೂ ಸ್ನೇಹದ ಹೆಸರಿನಲ್ಲಿಯೇ. ಆದಕಾರಣ ವ್ಯಸನವು ಒಂಟಿತನದಿಂದ ಹುಟ್ಟಿತೆಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಸಮ್ಮತವಲ್ಲ. ಆ ಕೂಟದಲ್ಲಿ ಜನಕ್ಕೆ ಕೊರತೆಯಿಲ್ಲ. ಆದರೆ ಅಲ್ಲಿ ಯಾರ ಮೇಲೂ ಯಾರ ಹೊಣೆಯೂ ಇಲ್ಲ. ಒಬ್ಬನು ಮುಂದಿನ ವಾರ ಬಾರದೆ ಹೋದರೆ, ಊರಿಗೆ ಹೋಗಿರಬೇಕೆಂದುಕೊಂಡು ಉಳಿದವರು ಅವನ ಪಾಲನ್ನೂ ಸುರಿದುಕೊಳ್ಳುತ್ತಾರೆ.

ಇದಕ್ಕೆ ವಿಪರೀತವಾದ ಸಂಗವು ಹೇಗಿರುತ್ತದೆಂಬುದನ್ನು 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ನಡೆದ ಪ್ರಸಂಗವೊಂದು ತೋರಿಸುತ್ತದೆ. ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರದವನು, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದಾಗ, ಬಂದ ಕಾರ್ಯ ಕೆಟ್ಟು, ಹೋಟೆಲಿನ ಮೊಗಸಾಲೆಯಲ್ಲಿ ಒಬ್ಬನೇ ನಿಂತಿದ್ದನು. ಎದುರಿಗೆ ಪಾನಗೃಹದ ಕಲರವ. ಅವನು ಅತ್ತ ಹೋಗದೆ ದೂರವಾಣಿಯ ಬಳಿಗೆ ಹೋಗಿ, ಚರ್ಚಿನವರೊಬ್ಬರನ್ನು ಕರೆದು, ಈ ಊರಿನಲ್ಲಿ ಕುಡಿತದಿಂದ ನರಳುತ್ತಿರುವವನೊಬ್ಬನನ್ನು ತನಗೆ ತೋರಿಸಬೇಕೆಂದು ಕೇಳಿಕೊಂಡನು. ಗಮನಿಸಬೇಕಾದದ್ದು ಇದೇ: ಅವನು ಅರಸಿದ್ದು ತನ್ನನ್ನು ಸಂತೈಸುವವನನ್ನಲ್ಲ, ತನ್ನಿಂದ ನೆರವು ಪಡೆಯಬಲ್ಲ ಇನ್ನೊಬ್ಬ ರೋಗಿಯನ್ನು. ಹಾಗೆ ದೊರೆತ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನು ನಡುವೆ ಒಮ್ಮೆ ಜಾರಿದನಾದರೂ, ಜೂನ್ 10ರಿಂದಾಚೆಗೆ ಮದ್ಯವನ್ನು ಮುಟ್ಟಲಿಲ್ಲ. ಇಂದು ಬೆಂಗಳೂರಿನಲ್ಲಿಯೂ ನಡೆಯುವ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಸಭೆಗಳ ಮೂಲ ಈ ಇಬ್ಬರ ಸಂಭಾಷಣೆ.

ಉಪಕಾರ ಪಡೆದವನಿಗಿಂತ ಉಪಕಾರ ಮಾಡಬೇಕಾಗಿ ಬಂದವನು ಬೇಗ ಎದ್ದು ನಿಲ್ಲುತ್ತಾನೆಂಬ ಈ ವಿಚಿತ್ರ ನ್ಯಾಯವು ನಮಗೆ ಅಪರಿಚಿತವೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ಹೆಂಡ ಮಾರುವ ಮಾರಯ್ಯನನ್ನೂ ತಮ್ಮವನೆಂದೇ ಎಣಿಸಿ, ಅವನಿಗೂ ಪರರಿಗೆ ನುಡಿಯುವ ಅಧಿಕಾರವನ್ನು ಕೊಟ್ಟರು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಲ್ಲಿ ಉಪದೇಶ, ಭಜನೆಗಳಿರುವುದು ಸರಿಯೆ. ಆದರೆ ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರೆಲ್ಲ ಕೂಡಿ ಒಬ್ಬರ ಹೊಣೆಯನ್ನೊಬ್ಬರು ಹೊರುವ ನವಜೀವನ ಸಮಿತಿಯಲ್ಲಿಯೇ ಅದರ ಜೀವಾಳವಿದೆಯೆಂದು ನನ್ನ ಎಣಿಕೆ. ವೈದ್ಯದ ಅವಶ್ಯಕತೆಯನ್ನು ಇದರಿಂದ ಅಲ್ಲಗಳೆಯತಕ್ಕದ್ದಲ್ಲ. ಬಹುಕಾಲ ಕುಡಿದವನು ಒಮ್ಮೆಲೆ ನಿಲ್ಲಿಸಿದಾಗ ಕೈನಡುಕದಿಂದ ಆರಂಭವಾಗಿ ಫಿಟ್ಸು, ಚಿತ್ತಭ್ರಮೆಗಳವರೆಗೆ ಹೋಗಬಹುದಾದ ಅಪಾಯಕ್ಕೆ ಭಜನೆ ಮದ್ದಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಲ್ಲಿಯೇ ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ಕೇಂದ್ರವಿರುವುದು ಪುಣ್ಯ.

ಆದರೆ ಆಸ್ಪತ್ರೆಯಿಂದ ಹೊರಬಿದ್ದವನು ಹಿಂದಿರುಗುವುದೆಲ್ಲಿಗೆ? ಹಳ್ಳಿಯಾದರೆ ಹೆಂಡತಿ, ಅಣ್ಣತಮ್ಮಂದಿರು, ಸಮಿತಿಯವರು ಕಾದಿರುತ್ತಾರೆ. ಪೀಣ್ಯದವನು ಹಿಂದಿರುಗುವುದು ಅದೇ ಶೆಡ್ಡಿಗೆ, ಅದೇ ನಾಲ್ವರ ನಡುವಿಗೆ. ಸಭೆಗೆ ಹೋಗೋಣವೆಂದರೆ ಈ ವಾರ ಹಗಲು ಪಾಳಿ, ಮುಂದಿನ ವಾರ ರಾತ್ರಿ ಪಾಳಿ. ತನಗಾಗಿ ಕಾದಿರುವ ಹೊಸಬನೊಬ್ಬನಿಗೆ ಮಾತು ಕೊಟ್ಟು ಅದನ್ನು ಉಳಿಸಿಕೊಳ್ಳುವುದು ಅವನ ಕೈಯಲ್ಲಿಲ್ಲ. ಗೋಡೆಯ ಮೇಲೆ ‘ಮದ್ಯಪಾನ ನಿಷೇಧಿಸಿದೆ’ ಎಂದು ಬರೆಯಿಸುವ ಕಾರ್ಖಾನೆಗಳು, ವಾರಕ್ಕೊಂದು ಸಂಜೆಯನ್ನು ಇಂಥವರ ಪಾಲಿಗೆ ಕದಲದಂತೆ ಬಿಟ್ಟುಕೊಡುವುದಾದರೆ, ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ.