ಬೂಷ್ಟು ಕಾಳಿನ ಪಾಪ ಯಾರದು?

2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಸೊರಗಿದ ಮಕ್ಕಳನ್ನು ಕಂಡವರು ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟರು. ಎರಡೂ ಕಡೆಯ ಮಾತು ಮೊಟ್ಟೆ ಎಂಥ ಪದಾರ್ಥ ಎಂಬುದರ ಸುತ್ತಲೇ ತಿರುಗಿತು. ಆದರೆ ಆಹಾರಶುದ್ಧಿಯ ಬಗ್ಗೆ ನಮ್ಮ ಹಿರಿಯರು ಮಾಡಿದ ವಿಚಾರ ಅಷ್ಟಕ್ಕೇ ನಿಂತಿರಲಿಲ್ಲ. ಛಾಂದೋಗ್ಯ ಉಪನಿಷತ್ತು ಊಟಕ್ಕೂ ಮನಸ್ಸಿಗೂ ಹಾಕಿದ ಗಂಟನ್ನು ಶ್ರೀವೈಷ್ಣವ ಪರಂಪರೆ ಮೂರು ಎಳೆಯಾಗಿ ಬಿಡಿಸಿತು: ಪದಾರ್ಥದ ಹುಟ್ಟುಗುಣದ ಜಾತಿದೋಷ, ಅದು ಬಂದ ಕೈಯ ಆಶ್ರಯದೋಷ, ಹೊರಗಿನಿಂದ ಬಂದು ಸೇರುವ ನಿಮಿತ್ತದೋಷ. ಮೊದಲನೆಯದಕ್ಕಾಗಿ ನಾವು ಬಡಿದಾಡಿದೆವು, ಉಳಿದೆರಡನ್ನು ಕೇಳಲೇ ಇಲ್ಲ. ನಾವು ಕೇಳಬೇಕಾದದ್ದು ಅವನ್ನೇ ಎಂಬುದು ನನ್ನ ವಾದ. ಅನ್ನ ಕೆಡುವುದು ಮುಖ್ಯವಾಗಿ ಮನುಷ್ಯನ ಅಜಾಗ್ರತೆಯಿಂದ, ಮತ್ತು ಆ ಅಜಾಗ್ರತೆ ಪಾಪವೇ.

ಬೂಷ್ಟು ಹಿಡಿದ ಕೋಳಿಮೇವನ್ನೇ ನೋಡಿ. ಆ ಮೇವಿಗೆ ಹೋಗುವ ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳ ಕಟಾವಿಗೆ ಬರುವ ಹೊತ್ತಿಗೆ ಎಷ್ಟೋ ವರ್ಷ ಮಳೆಯೂ ಬರುತ್ತದೆ. ಸರಿಯಾಗಿ ಒಣಗದೆ, ತೇವಾಂಶ ಶೇ. 14ಕ್ಕಿಂತ ಮೇಲಿದ್ದಾಗಲೇ ಚೀಲ ಸೇರಿದ ಕಾಳಿನ ಮೇಲೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಬೂಷ್ಟನ್ನು ಕೊಡವಿ ಹಾಕಿದರೂ ವಿಷ ಕಾಳಿನಲ್ಲೇ ಉಳಿಯುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಜಗತ್ತಿಗೆ ಇದು ಗೊತ್ತಾದದ್ದೇ ಕೋಳಿಮೇವಿನಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. 1974ರಲ್ಲಿ ಗುಜರಾತ್, ರಾಜಸ್ಥಾನದ ಪಂಚಮಹಲ್, ಬನ್ಸ್ವಾರಾ ಸೀಮೆಯಲ್ಲಿ ಮಳೆಗೆ ಸಿಕ್ಕಿ ಕೆಟ್ಟ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಅವರ ಮನೆಯ ನಾಯಿಗಳೂ ಸತ್ತವು.

ಮೇವಿನ ವಿಷ ಮೊಟ್ಟೆಗೆ ಬರುವುದು ತೀರಾ ಅಲ್ಪ, ಅದನ್ನು ಧರ್ಮದ ಪ್ರಶ್ನೆ ಮಾಡುವುದೇಕೆ ಎಂದು ತಿಳಿದವರು ಆಕ್ಷೇಪಿಸಬಹುದು. ಅಲ್ಪವೆಂಬುದು ನಿಜ. ಕಿಲೋ ಮೇವಿಗೆ 500 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಬೆರೆಸಿ ತಿನ್ನಿಸಿದ ಒಂದು ಪ್ರಯೋಗದಲ್ಲಿ ಕಿಲೋ ಮೊಟ್ಟೆಯಲ್ಲಿ ಸಿಕ್ಕಿದ್ದು ಸುಮಾರು 0.1 ಮೈಕ್ರೋಗ್ರಾಂ, ಅಂದರೆ ಐದು ಸಾವಿರದಲ್ಲಿ ಒಂದು ಪಾಲು. ಹಸುವಿನ ಹಾಲಿಗಾದರೆ ನೂರಕ್ಕೆ ಒಂದೆರಡು ಪಾಲು ಇಳಿಯುತ್ತದೆ. ಮೊಟ್ಟೆ ತಿನ್ನುವವರು ಹೆದರಬೇಕಾಗಿಲ್ಲ, ಮಕ್ಕಳ ತಟ್ಟೆಯಿಂದ ಅದನ್ನು ತೆಗೆಯಲು ಇದು ಕಾರಣವೂ ಅಲ್ಲ. ಆದರೆ ಮಿಕ್ಕ ಪಾಲು ಎಲ್ಲಿ ಹೋಯಿತು? ಕೋಳಿಯ ಮೈಯೇ ಅದನ್ನು ಅರಗಿಸಿ ಹೊರಹಾಕಬೇಕು. ಆ ಕೆಲಸದಲ್ಲಿ ಅದರ ಪಿತ್ತಜನಕಾಂಗ ಬಿಳಿಚಿಕೊಂಡು ಕೊಬ್ಬು ತುಂಬಿ ಕೆಡುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಮೊಟ್ಟೆ ಇಡುವುದೂ ಕಡಿಮೆಯಾಗುತ್ತದೆ. ನಮ್ಮ ಪಾಲಿಗೆ ಮೊಟ್ಟೆ ಚೊಕ್ಕಟವಾಗಿ ಬಂದದ್ದು ಒಂದು ಜೀವ ನಮಗಾಗಿ ವಿಷ ಸೋಸಿದ್ದರಿಂದ. ಅಲ್ಪವೆಂಬ ಲೆಕ್ಕದಲ್ಲಿ ಆ ಜೀವವೇ ಬಿಟ್ಟುಹೋಗಿದೆ.

ಗೊತ್ತಿಲ್ಲದೆ ಆದದ್ದಕ್ಕೆ ಪಾಪವೇ ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ಮಿಲಿಂದ ಅರಸ ಇದನ್ನೇ ಬೌದ್ಧ ಭಿಕ್ಷು ನಾಗಸೇನನಿಗೆ ಕೇಳಿದಾಗ, ಅರಿಯದೆ ಮಾಡಿದವನಿಗೇ ಹೆಚ್ಚು ಎಂದು ಉತ್ತರ ಬಂತು. ಕಾದ ಕಬ್ಬಿಣದ ಗುಂಡನ್ನು ಕಾದಿದೆಯೆಂದು ತಿಳಿಯದೆ ಹಿಡಿದವನ ಕೈಯೇ ಹೆಚ್ಚು ಸುಡುತ್ತದೆ ಎಂಬುದು ಅವನ ಹೋಲಿಕೆ. ಮೇವಿನ ವ್ಯವಹಾರ ಇದಕ್ಕಿಂತ ಕಠಿಣ. ಇಲ್ಲಿ ಗುಂಡು ಹಿಡಿಯುವವನು ಒಬ್ಬ, ಸುಟ್ಟುಕೊಳ್ಳುವುದು ಮತ್ತೊಂದು ಜೀವ, ಆದ್ದರಿಂದ ಹಿಡಿದವನಿಗೆ ಬಿಸಿ ತಟ್ಟುವುದೇ ಇಲ್ಲ. ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಎಚ್ಚರಗೇಡಿತನದಲ್ಲಿ ಕಂಡದ್ದು ಇಂಥ ಕಡೆಗೇ ಹೊಂದುತ್ತದೆ. ಜೈನರು ಮೊಟ್ಟೆಯನ್ನೇ ಒಲ್ಲರಲ್ಲ, ಅವರ ತತ್ತ್ವ ಕೋಳಿಫಾರಮಿಗೇಕೆ ಎನ್ನಬಹುದು. ಕೋಳಿಯನ್ನು ಗೂಡಿನಲ್ಲಿ ಕೂಡಿಹಾಕಿದ ಮೇಲೆ ಅದು ಏನು ತಿನ್ನಬೇಕೆಂಬುದು ಪೂರ್ತಿ ನಮ್ಮ ಕೈಗೆ ಬಂತು. ಕೆದಕಿ ಆರಿಸಿ ತಿನ್ನುವ ಅವಕಾಶವನ್ನು ಕಿತ್ತುಕೊಂಡವರಿಗೇ ಎಚ್ಚರದ ಹೊಣೆ ಹೆಚ್ಚು.

ಹಾಗೆಂದು ಎಲ್ಲ ಪಾಪವನ್ನೂ ರೈತನ ತಲೆಗೆ ಕಟ್ಟುವುದು ಅನ್ಯಾಯ. ಒಣಗಿಸಲು ಕಣವಿಲ್ಲದೆ ರಸ್ತೆಯ ಮೇಲೆ ಕಾಳು ಹರಡಿ, ಮೋಡ ಕಂಡಾಗ ತಾಡಪಾಲು ಹೊದಿಸಿ ಕಾಯುವವನು ಅಜಾಗ್ರತನಲ್ಲ, ಅಸಹಾಯಕ. ಪರೀಕ್ಷೆ ಮಾಡಿಸುವ ಶಕ್ತಿಯಿದ್ದೂ ಮಾಡಿಸದವನು, ಕೆಟ್ಟ ಕಾಳನ್ನು ಒಳ್ಳೆಯ ಕಾಳಿನಲ್ಲಿ ಬೆರೆಸಿ ವಿಷವನ್ನು ತೆಳುಮಾಡಿ ಮಾರುವವನು ಬೇರೆ. ಐರೋಪ್ಯ ಒಕ್ಕೂಟದ ಕಾನೂನು ಹೀಗೆ ಬೆರೆಸುವುದನ್ನೇ ನಿಷೇಧಿಸಿದೆ. ಆಹಾರಶುದ್ಧಿಯ ಬಗ್ಗೆ ಮಾತಾಡುವ ಮಠಗಳಲ್ಲಿ ನನ್ನದೊಂದು ವಿನಂತಿ: ಈ ಸುಗ್ಗಿಗೆ ನಿಮ್ಮ ಅಂಗಳವನ್ನು ಸುತ್ತಲಿನ ಊರುಗಳ ಮೆಕ್ಕೆಜೋಳ ಒಣಗಿಸಲು ಬಿಟ್ಟುಕೊಡಿ.